ಬೇಲಿಯ ಗೊಬ್ಬರದ ಗಿಡ ಹಟ್ಟಿಯ ಮೇವಾದದ್ದು: ನನ್ನ ಅನುಭವ

ಗೊಬ್ಬರದ ಗಿಡದ, ಅಂದರೆ ಗ್ಲಿರಿಸಿಡಿಯಾದ ಸೊಪ್ಪನ್ನು ದನ ಮೂಸಿಯೂ ನೋಡದು ಎನ್ನುವವರೇ ಕಾಸರಗೋಡಿನ ನಮ್ಮ ಬದಿಯಡ್ಕ, ಪೆರ್ಲ ಕಡೆ ಹೆಚ್ಚು. ಈಗ ನಮ್ಮ ಹಟ್ಟಿಯ ಮೂರು ಹಸುಗಳು ಸೇರಿ ದಿನಕ್ಕೆ ಸುಮಾರು 10 ಕಿಲೋ ತಿನ್ನುತ್ತವೆ. ತಿಂಗಳಿಗೆ 4 ಚೀಲ ಬೇಕಿದ್ದ ಹಿಂಡಿ 3ಕ್ಕೆ ಇಳಿದಿದೆ, ಹಾಲು ಇಳಿದಿಲ್ಲ. ಚೀಲಕ್ಕೆ 1500 ರೂಪಾಯಿ ಹಿಡಿದರೂ ವರ್ಷಕ್ಕೆ 18,000 ಉಳಿತಾಯ. ಖರ್ಚು ಆಳಿನ ಸಂಬಳ ಮಾತ್ರ.

ಬೇರೆ ಮೇವಿನ ಮರಗಳ ಪೈಕಿ ಸುಬಾಬುಲ್ ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ಹುಳಿ ಮಣ್ಣಿಗೆ ಒಗ್ಗದು, ಹಳದಿಯಾಗಿ ಕುಂಟುತ್ತದೆ. ಅಗಸೆ ಮರವನ್ನು ತಗ್ಗಿನಲ್ಲಿ ಕಡಿದರೆ ಚಿಗುರದೆ ಸಾಯುತ್ತದೆ. ಹಾಲವಾಣದ ಚಿಗುರನ್ನು ಗಂಟು ಮಾಡುವ ಕಣಜದ ಹುಳು ಬಿಡುವುದಿಲ್ಲ. ಗ್ಲಿರಿಸಿಡಿಯಾ ಮಾತ್ರ ನಿಂತಿತು.

ನೆಡಲು ತೊಗಟೆ ಕಂದಾದ, ಒಂದೂವರೆ ಇಂಚು ದಪ್ಪದ, 4 ಅಡಿ ಉದ್ದದ ಗೆಲ್ಲು ಬೇಕು. ಹಸಿರು ಗೆಲ್ಲು ಕೊಳೆಯುತ್ತದೆ. ಬುಡವನ್ನು ಓರೆಯಾಗಿ, ತುದಿಯನ್ನು ನೇರವಾಗಿ ಕಡಿಯಿರಿ. ಆಗ ಆಳುಗಳು ತಲೆಕೆಳಗಾಗಿ ನೆಡುವ ಭಯವಿಲ್ಲ. ಜೂನ್ ಮಳೆ ಹಿಡಿದ ಮೇಲೆ ಒಂದಡಿ ಆಳ, ಎರಡಡಿ ಅಂತರ. ಮುರಕಲ್ಲಿನ ಗುಂಡಿಯಲ್ಲಿ ನೀರು ನಿಂತರೆ ಬುಡ ಕೊಳೆತೇ ಹೋಗುತ್ತದೆ. ಹಾರೆಯಿಂದ ತಳ ಒಡೆದು ನೆಡಬೇಕು, ಇಲ್ಲವೇ ಅಗಳಿನ (ಗಡಿಯ ಕಂದಕದ) ದಂಡೆಗೆ. ನಮ್ಮ ಗಡಿಯಲ್ಲಿ 400ರ ಆಸುಪಾಸು ಗಿಡಗಳಿವೆ. ಮೊದಲ ವರ್ಷ ಕತ್ತಿ ತಾಗಿಸಬಾರದು. ಆಮೇಲೆ ಸೊಂಟದೆತ್ತರಕ್ಕೆ ವರ್ಷಕ್ಕೆ ಮೂರು ಸಲ ಸವರಿದರೆ ಗಿಡಕ್ಕೆ ಸಲಕ್ಕೆ ಮೂರು ಕಿಲೋ ಸಿಗುತ್ತದೆ. ಒಂದೇ ದಿನ ಪೂರ್ತಿ ಸವರಬೇಡಿ, ಸಾಲು ಹಂಚಿಕೊಳ್ಳಿ.

ದನ ಈ ಸೊಪ್ಪನ್ನು ತಿನ್ನದೆ ಬಿಡುವುದು ಅದರ ವಾಸನೆಗೆ. ಸಂಜೆ ಕೊಯ್ದು ನೆಲದಲ್ಲಿ ತೆಳ್ಳಗೆ ಹರಡಿ, ಬೆಳಗ್ಗೆ ಬಾಡಿದ್ದನ್ನು ಹಾಲು ಕರೆದಾದ ಮೇಲೆ ಹಾಕಿ. ಮೊದಲೇ ಹಾಕಿದರೆ ಹಾಲಿಗೆ ವಾಸನೆ ಬರುತ್ತದೆ. ಮೊದಲ ವಾರ ಒಂದು ಹಿಡಿ, ಬೈಹುಲ್ಲಿನ ಜೊತೆ, ಉಪ್ಪು ಬೆಲ್ಲದ ನೀರು ಚಿಮುಕಿಸಿ. ಈ ಸೊಪ್ಪು ಒಟ್ಟು ಮೇವಿನ ಕಾಲು ಭಾಗ ಮೀರಬಾರದು.

ಮಳೆಗಾಲದಲ್ಲಿ ರಾಶಿ ಹಾಕಿದರೆ ಸೊಪ್ಪು ಬಿಸಿಯೇರಿ ಬೂಸರು ಹಿಡಿಯುತ್ತದೆ. ಅದನ್ನು ಖಂಡಿತ ಹಾಕಬೇಡಿ: ಸೊಪ್ಪಿನಲ್ಲಿರುವ ಕೂಮರಿನ್ ಎಂಬ ಅಂಶ ಬೂಸರಿನಿಂದ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷವಾಗುತ್ತದೆ. ಅಂಥ ಸೊಪ್ಪು ಅಡಿಕೆ ಬುಡಕ್ಕೆ.

ಅಡಿಕೆ ತೋಟದೊಳಗೆ ಹಿಪ್ಪುನೇರಳೆಯನ್ನೂ ನೆಟ್ಟು ನೋಡಿದೆ. ನೆರಳಿಗೆ ಎಲೆ ತೆಳು, ತೂಕ ಬರುವುದಿಲ್ಲ. ಬಿಸಿಲು ಬೀಳುವ ಅಂಚಿನಲ್ಲಿ ಮಾತ್ರ ಸೊಗಸಾಗಿದೆ, ಅದಕ್ಕೆ ಹಸು ನುಗ್ಗಿ ಬರುತ್ತದೆ.

ಗ್ಲಿರಿಸಿಡಿಯಾ ಜನವರಿಯಿಂದ ಹೂ ಬಿಟ್ಟು ಎಲೆ ಉದುರಿಸುತ್ತದೆ, ಮೇವು ಬೇಕಾಗುವುದೂ ಆಗಲೇ. ಮಳೆ ಮುಗಿದು ಮಣ್ಣಿನಲ್ಲಿ ತೇವ ಇರುವಾಗ, ನವೆಂಬರ್ ಕೊನೆಗೆ ಅರ್ಧ ಸಾಲು ಸವರಿದರೆ ಆ ಹೊಸ ಚಿಗುರು ಮಾರ್ಚ್‌ವರೆಗೂ ಹಸಿರಾಗಿ ಉಳಿಯುತ್ತದೆ.