ಅಪ್ಪ-ಅಮ್ಮ ಗೆರೆಯಾಚೆ ನಿಲ್ಲಲಿ

ಭಾನುವಾರ ಬೆಳಿಗ್ಗೆ, ಹತ್ತು ವರ್ಷದೊಳಗಿನ ಮಕ್ಕಳ ಫುಟ್‌ಬಾಲ್. ಚೆಂಡು ಸಿಕ್ಕ ಹುಡುಗಿಗೆ ಕೋಚ್ 'ಪಾಸ್ ಕೊಡು' ಎನ್ನುತ್ತಾರೆ. ಇತ್ತ ಗೆರೆಯ ಪಕ್ಕದಿಂದ ಅಪ್ಪ 'ಹೊಡಿ, ಹೊಡಿ!' ಎಂದು ಕೂಗುತ್ತಾರೆ. ಯಾರ ಮಾತು ಕೇಳಬೇಕೆಂದು ತಿಳಿಯದೆ ಅವಳು ಅಪ್ಪನ ಮುಖ ನೋಡುವಷ್ಟರಲ್ಲಿ ಚೆಂಡು ಎದುರಾಳಿಯ ಪಾಲು. ಆ ಅಪ್ಪ ಕೆಟ್ಟವರಲ್ಲ. ಎಲ್ಲಿ ನಿಲ್ಲಬೇಕು, ಏನು ಮಾಡಬೇಕು ಎಂದು ಅವರಿಗೆ ಯಾರೂ ಹೇಳಿಲ್ಲ, ಅಷ್ಟೆ. ಅದನ್ನು ಹೇಳುವ ಕೆಲಸ ಶಾಲೆಯ ಪಿ.ಟಿ. ಮೇಷ್ಟ್ರದ್ದು, ಕ್ಲಬ್ಬಿನದ್ದು.

ಟೂರ್ನಿಗೆ ಒಂದು ವಾರ ಮೊದಲು ಮಕ್ಕಳ ಕೈಗೆ ಚೀಟಿ ಕೊಡಿ. 'ನಾನು ಆಡುವಾಗ ಮನೆಯವರು ಏನು ಹೇಳಿದರೆ ಖುಷಿ? ಏನು ಹೇಳುವುದು ಬೇಡ?' ಎರಡೇ ಪ್ರಶ್ನೆ, ಹೆಸರು ಬರೆಯಬಾರದು. ಆಮೇಲೆ ಪೋಷಕರನ್ನು ಹದಿನೈದು ನಿಮಿಷ ಕೂರಿಸಿ ಆ ಚೀಟಿಗಳನ್ನು ಓದಿ. ವಾಟ್ಸ್‌ಆ್ಯಪ್ ಗ್ರೂಪಿಗೆ ನಿಯಮ ಹಾಕಿದರೆ ಹೆಬ್ಬೆರಳೊತ್ತಿ ಮರೆಯುತ್ತಾರೆ. ತಮ್ಮದೇ ಮಗು ಬರೆದಿರಬಹುದಾದ ಸಾಲನ್ನು ಮರೆಯುವುದು ಕಷ್ಟ. ಅದೇ ಸಭೆಯಲ್ಲಿ ಮೂರು ಮಾತಿಗೆ ಒಪ್ಪಿಗೆ ಪಡೆಯಿರಿ: ಆಟದ ಸೂಚನೆ ಕೋಚ್‌ದು ಮಾತ್ರ, ರೆಫ್ರಿಯ ತೀರ್ಪಿಗೆ ಎದುರು ಮಾತಿಲ್ಲ, ಒಳ್ಳೆಯ ಆಟ ಯಾವ ತಂಡದ್ದಾದರೂ ಚಪ್ಪಾಳೆ.

ಪಂದ್ಯದ ದಿನ ಹಗ್ಗ ಕಟ್ಟಿ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 2008ರಲ್ಲಿ ಶುರುಮಾಡಿದ 'ರೆಸ್ಪೆಕ್ಟ್' ಕಾರ್ಯಕ್ರಮದಲ್ಲಿ ಪ್ರೇಕ್ಷಕರಿಗೆ ಹೀಗೆಯೇ ಪ್ರತ್ಯೇಕ ಜಾಗ ಗುರುತಿಸುವ ಕ್ರಮವಿದೆ. ನಮ್ಮ ಮೈದಾನಕ್ಕೆ ಸುಣ್ಣದ ಪುಡಿಯ ಗೆರೆಯೂ ಸಾಕು. ಅಂಕಣದ ಅಂಚಿನಿಂದ ನಾಲ್ಕೈದು ಹೆಜ್ಜೆ ದೂರವಿರಲಿ. ಕೋಚ್‌ಗಳು ಒಂದು ಬದಿ, ಪೋಷಕರು ಎದುರು ಬದಿ. ಗೋಲಿನ ಹಿಂದೆ ಯಾರೂ ನಿಲ್ಲಬಾರದು, ಗೋಲ್‌ಕೀಪರ್ ಮಗುವಿನ ಕಿವಿಗೆ ಎಲ್ಲಕ್ಕಿಂತ ಹತ್ತಿರದ ಜಾಗ ಅದು.

ಪೋಷಕರಲ್ಲೇ ಶಾಂತ ಸ್ವಭಾವದ ಒಬ್ಬರಿಗೆ ಬಣ್ಣದ ಜಾಕೆಟ್ ಹಾಕಿಸಿ. ಯಾರಾದರೂ ದನಿ ಏರಿಸಿದರೆ ಅವರು ಪಕ್ಕಕ್ಕೆ ಹೋಗಿ ನಿಂತು, 'ಸರ್, ಮಗುವಿಗೆ ಎರಡೂ ಕಡೆಯಿಂದ ಕೂಗು ಕೇಳ್ತಿದೆ. ಕೋಚ್ ನೋಡ್ಕೋತಾರೆ ಬಿಡಿ' ಎಂದರೆ ಸಾಕು. ಮೈಕಿನಲ್ಲಿ ಹೆಸರು ಕರೆಯುವುದಂತೂ ಬೇಡವೇ ಬೇಡ. ಅಪ್ಪನಿಗಿಂತ ಮೊದಲು ತಲೆ ತಗ್ಗಿಸುವುದು ಅಂಕಣದಲ್ಲಿರುವ ಮಗು. ಹೇಳಿದರೂ ಕೇಳದಿದ್ದರೆ ರೆಫ್ರಿ ಆಟ ನಿಲ್ಲಿಸಲಿ, ಅವರು ಹಗ್ಗದಿಂದ ದೂರ ಹೋದ ಮೇಲೆ ಮುಂದುವರಿಯಲಿ. ಸೀಟಿ ಹಿಡಿದವರು ಬಹಳ ಸಲ ಕಾಲೇಜು ಹುಡುಗರು. ಅವರ ಬೆನ್ನಿಗೆ ಆಯೋಜಕರು ನಿಲ್ಲಲೇಬೇಕು.

ತೀರಾ ಚಿಕ್ಕವರ ಪಂದ್ಯಗಳಿಗೆ ಅಂಕಪಟ್ಟಿ ತೂಗುಹಾಕಬೇಡಿ. ನಾರ್ವೆಯ ಮಕ್ಕಳ ಕ್ರೀಡಾ ನಿಯಮಗಳು ಎಳೆಯ ವಯಸ್ಸಿಗೆ ಫಲಿತಾಂಶದ ಪಟ್ಟಿ, ರ‍್ಯಾಂಕಿಂಗ್ ಬೇಡ ಎಂದೇ ಹೇಳುತ್ತವೆ.

'ನನ್ನ ಮಗನನ್ನು ಯಾಕೆ ಆಡಿಸಲಿಲ್ಲ?' ಎಂಬ ಪ್ರಶ್ನೆಗೆ ಮೈದಾನದಲ್ಲಿ ಉತ್ತರಿಸಬೇಡಿ. ಮರುದಿನ ಸಂಜೆ ಫೋನ್ ಮಾಡಲು ಹೇಳಿ, ಬಂದ ಕರೆಯನ್ನು ತಪ್ಪದೆ ತೆಗೆದುಕೊಳ್ಳಿ. ಮನೆಗೆ ಹೋಗುವ ದಾರಿಯಲ್ಲಿ ಏನು ಮಾತಾಡಬೇಕೆಂದು ಅಪ್ಪ-ಅಮ್ಮ ಕೇಳಿದರೆ, ನೀರು ಬೇಕಾ, ಹಸಿವಾಯ್ತಾ ಎಂದಷ್ಟೇ ವಿಚಾರಿಸಲಿ. ಆಟದ ಮಾತನ್ನು ಮಗುವೇ ಎತ್ತಲಿ.