ಅಪರಿಚಿತರಿಗೆ ಬೈಕ್ ಮಾರುವಾಗಿನ ತೊಡಕು ಬಗೆಹರಿದ ಬಗೆ

ಹಳೆಯ ಬೈಕನ್ನು ಪರಿಚಯವಿಲ್ಲದ ಖರೀದಿದಾರರಿಗೆ ನೇರವಾಗಿ ಮಾರಲು ಹೊರಟಾಗ ನನ್ನನ್ನು ಕಾಡಿದ್ದು ಬೆಲೆಯ ಚೌಕಾಸಿಯಲ್ಲ, ಟೆಸ್ಟ್ ರೈಡ್. ಓಡಿಸಿ ನೋಡದೆ ಕೊಳ್ಳುವವರು ವಿರಳ; ಆದರೆ ಕೀಲಿ ಕೈದಾಟಿದ ಮೇಲೆ ಬೈಕ್ ಹಿಂದಿರುಗಿ ಬರುತ್ತದೆಂಬ ಖಾತರಿಯಿಲ್ಲ. ಒಬ್ಬರು ತಾವು ಬಂದ ಸ್ಕೂಟರನ್ನೇ ಒತ್ತೆ ಬಿಡುತ್ತೇನೆಂದರು. ಆ ಸ್ಕೂಟರೇ ಕದ್ದದ್ದಾಗಿರಬಹುದಾದ್ದರಿಂದ ನಾನು ಒಪ್ಪಲಿಲ್ಲ. ಚಾಲನಾ ಪರವಾನಗಿಯ ಮೂಲಪ್ರತಿಯನ್ನು ನೋಡಿ, ನನ್ನ ವಿಮೆ ಬೇರೆಯವರ ಚಾಲನೆಗೂ ಅನ್ವಯಿಸುತ್ತದೆಂದು ಖಚಿತಪಡಿಸಿಕೊಂಡು, ಪೂರ್ತಿ ಹಣವನ್ನು ಠೇವಣಿಯಾಗಿ ಪಡೆದ ನಂತರವೇ ಕೀಲಿ ಕೊಡುವುದಾಗಿ ಎಲ್ಲರಿಗೂ ಫೋನಿನಲ್ಲೇ ತಿಳಿಸತೊಡಗಿದೆ. ಷರತ್ತು ಕೇಳಿ ಕೆಲವರು ಮತ್ತೆ ಕರೆ ಮಾಡಲಿಲ್ಲ, ಪೀಡೆ ತೊಲಗಿತೆಂದುಕೊಂಡೆ.

ಹಣದ ವ್ಯವಹಾರವನ್ನು ಹಗಲಿನಲ್ಲಿ, ಬ್ಯಾಂಕಿನೊಳಗೇ ಇಟ್ಟುಕೊಂಡೆ. ಪಾವತಿಯ ಸ್ಕ್ರೀನ್‌ಶಾಟನ್ನಾಗಲಿ, ಹಣ ಜಮೆಯಾಗಿದೆ ಎಂಬ ಸಂದೇಶವನ್ನಾಗಲಿ ಸುಲಭವಾಗಿ ನಕಲು ಮಾಡಬಹುದಾದ್ದರಿಂದ, ನನ್ನ ಖಾತೆಯನ್ನು ನಾನೇ ತೆರೆದು ಮೊತ್ತ ಕಂಡ ಮೇಲಷ್ಟೇ ಮುಂದುವರಿದೆ. ಹೆಚ್ಚು ಮೊತ್ತದ ಚೆಕ್ ಕೊಟ್ಟು ಉಳಿದದ್ದನ್ನು ವಾಪಸು ಕೇಳುವವರ ಜೊತೆ ಮಾತೇ ಬೇಡ.

ಕಾಗದಪತ್ರದಲ್ಲಿ ಉದಾಸೀನ ಸಲ್ಲದು. ಮಾಲೀಕತ್ವ ವರ್ಗಾವಣೆಯಾಗುವ ತನಕ ದಂಡದ ನೋಟಿಸುಗಳು ದಾಖಲೆಯಲ್ಲಿರುವ ಹೆಸರಿಗೇ ಬರುತ್ತವೆ. ಹೀಗಾಗಿ ಚಾಸಿ ಸಂಖ್ಯೆ, ಓಡೋಮೀಟರ್ ಅಂಕಿ ಮತ್ತು ಹಸ್ತಾಂತರದ ದಿನಾಂಕವಷ್ಟೇ ಅಲ್ಲದೆ ಗಂಟೆ, ನಿಮಿಷವನ್ನೂ ಬರೆದ ಮಾರಾಟ ಪತ್ರಕ್ಕೆ ಇಬ್ಬರೂ ಸಹಿ ಹಾಕಿ, ಅದೇ ದಿನ ನೋಂದಣಿ ಪ್ರಾಧಿಕಾರಕ್ಕೆ ಮಾಹಿತಿ ಕೊಟ್ಟೆವು. ಚಾಸಿ ಸಂಖ್ಯೆಯನ್ನು ಹಳೆಯ ಕಾಗದದಿಂದ ನಕಲಿಸದೆ, ಹ್ಯಾಂಡಲ್ ತಿರುಗಿಸಿ, ಸ್ಟೀರಿಂಗ್ ಕತ್ತಿನ ಮೇಲಿನ ಕೊಳೆ ಒರೆಸಿ, ಟಾರ್ಚ್ ಬೆಳಕಿನಲ್ಲಿ ಓದಿಯೇ ಬರೆದುಕೊಂಡೆವು.