ಆಫ್ರಿಕನ್ ಗ್ರೇ ಸಾಕುವುದು ಹೇಗೆ? ಮೊದಲು ಸೂರ್ಯಕಾಂತಿ ಬೀಜದ ಚಟ ಬಿಡಿಸಿ

ಹತ್ತಾರು ಸಾವಿರ ರೂಪಾಯಿ ಕೊಟ್ಟು ಆಫ್ರಿಕನ್ ಗ್ರೇ ಗಿಳಿ ತರುತ್ತಾರೆ. ಒಳ್ಳೆಯ ಪಂಜರವನ್ನೂ ಕೊಳ್ಳುತ್ತಾರೆ. ಆಮೇಲೆ ಬಟ್ಟಲಿನ ತುಂಬ ಸೂರ್ಯಕಾಂತಿ ಬೀಜ ಸುರಿದು ಆಫೀಸಿಗೆ ಹೋಗುತ್ತಾರೆ. ಒಂದೆರಡು ವರ್ಷ ಹಕ್ಕಿ ಚೆನ್ನಾಗಿಯೇ ಇರುತ್ತದೆ, ಮಾತೂ ಆಡುತ್ತದೆ. ನಂತರ ಎದೆಯ ಗರಿ ಕಿತ್ತುಕೊಳ್ಳಲು ಶುರು ಮಾಡುತ್ತದೆ, ಇಲ್ಲವೇ ಒಂದು ಬೆಳಿಗ್ಗೆ ನಡುಗುತ್ತಾ ಕೋಲಿನಿಂದ ಕೆಳಗೆ ಬೀಳುತ್ತದೆ. ಈ ಎರಡೂ ತೊಂದರೆಗೆ ಕಾರಣ ಹಲವು ಮನೆಗಳಲ್ಲಿ ಆ ಬಟ್ಟಲಲ್ಲೇ ಇರುತ್ತದೆ. ಅದಕ್ಕೇ ಈ ಲೇಖನದಲ್ಲಿ ಊಟದ ವಿಷಯಕ್ಕೆ ಹೆಚ್ಚು ಜಾಗ, ಉಳಿದದ್ದಕ್ಕೆ ಕಡಿಮೆ.

1. ತರುವ ಮುಂಚೆ

ಈ ಹಕ್ಕಿ ಸಾಕಿದ ಮನೆಯಲ್ಲಿ 40ರಿಂದ 60 ವರ್ಷ ಬದುಕಬಲ್ಲದು. ನಲವತ್ತರ ವಯಸ್ಸಿನಲ್ಲಿ ತಂದರೆ, ನಿಮ್ಮ ನಂತರ ಯಾರು ನೋಡಿಕೊಳ್ಳುತ್ತಾರೆ ಎಂದು ಇವತ್ತೇ ಮನೆಯವರ ಜೊತೆ ಮಾತಾಡಿಕೊಳ್ಳಿ.

ಕಾಗದಪತ್ರ ಬಿಡಬೇಡಿ. ಕಾಡಿನಿಂದ ಹಿಡಿದು ಮಾರುವ ದಂಧೆಯಿಂದ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದಲ್ಲಿ ಈ ಗಿಳಿ ಬರಿದಾಗುತ್ತಾ ಬಂದಿದೆ. ಘಾನಾದಲ್ಲಂತೂ 1990ರ ದಶಕದಿಂದೀಚೆಗೆ ಬಹುಪಾಲು ಮಾಯವಾಗಿದೆ. 2016ರಲ್ಲಿ ಸೈಟಿಸ್ (ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ದೇಶಗಳು ಇದನ್ನು ಮೊದಲ ಅನುಬಂಧಕ್ಕೆ, ಅಂದರೆ ಕಾಡಿನಿಂದ ಹಿಡಿದು ದೇಶದಿಂದ ದೇಶಕ್ಕೆ ಮಾರುವುದನ್ನು ನಿಷೇಧಿಸಿದ ಪಟ್ಟಿಗೆ ಸೇರಿಸಿದವು, 2017ರಿಂದ ಅದು ಜಾರಿಯಲ್ಲಿದೆ. ನಮ್ಮಲ್ಲಿ 2024ರ ನಿಯಮಗಳ ಪ್ರಕಾರ, ಇಂಥ ಹಕ್ಕಿ ಮನೆಗೆ ಬಂದ 30 ದಿನದೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಣಿಗೆ ಅರ್ಜಿ ಹಾಕಬೇಕು. ಮಾರುವವರ ಹತ್ತಿರ ದಾಖಲೆ ಇಲ್ಲದಿದ್ದರೆ, ಬೆಲೆ ಎಷ್ಟೇ ಕಡಿಮೆ ಇರಲಿ, ಅಲ್ಲಿಂದ ಎದ್ದು ಬನ್ನಿ. ಕಾಲಿಗೆ ಜೋಡಣೆ ಇಲ್ಲದ ಮುಚ್ಚಿದ ಉಂಗುರ ಇದೆಯೇ ನೋಡಿ. ಮರಿಯಾಗಿದ್ದಾಗ ಮಾತ್ರ ತೊಡಿಸಲು ಬರುವಂಥದ್ದು ಅದು, ಆದ್ದರಿಂದ ಹಕ್ಕಿ ಕಾಡಿನಿಂದ ಹಿಡಿದದ್ದಲ್ಲ, ಸಾಕಿದ ಕಡೆಯೇ ಹುಟ್ಟಿದ್ದು ಎನ್ನುವುದಕ್ಕೆ ಒಂದು ಗುರುತು.

ಗರಿ ಬಾರದ ಮರಿಯನ್ನು "ಕೈತುತ್ತು ಕೊಟ್ಟು ಬೆಳೆಸಿ, ಆಗ ನಿಮಗೇ ಹತ್ತಿಕೊಳ್ಳುತ್ತದೆ" ಎಂದು ಮಾರುತ್ತಾರೆ. ಕೊಳ್ಳಬೇಡಿ. ಗಂಜಿ ಸ್ವಲ್ಪ ಬಿಸಿ ಹೆಚ್ಚಾದರೆ ಕೊರಳ ಚೀಲ ಸುಟ್ಟುಹೋಗುತ್ತದೆ, ಸಿರಿಂಜಿನ ಕೋನ ತಪ್ಪಿದರೆ ಶ್ವಾಸಕ್ಕೆ ಹೋಗಿ ಮರಿ ಸಾಯುತ್ತದೆ. ತಾನೇ ತಿನ್ನಲು ಕಲಿತ ಮರಿಯೂ ಅಷ್ಟೇ ಪ್ರೀತಿಯಿಂದ ಹತ್ತಿಕೊಳ್ಳುತ್ತದೆ.

2. ಪಂಜರ

ಅಗಲ ಮತ್ತು ಆಳ ತಲಾ ಎರಡು ಅಡಿ, ಎತ್ತರ ಮೂರು ಅಡಿ. ಇದು ಕನಿಷ್ಠ, ದೊಡ್ಡದಾದಷ್ಟೂ ಒಳ್ಳೆಯದು. ಸರಳುಗಳ ನಡುವೆ ಮುಕ್ಕಾಲರಿಂದ ಒಂದು ಇಂಚು ಅಂತರ ಸಾಕು. ಗೋಲಾಕಾರದ ಪಂಜರ ಬೇಡ, ಮೂಲೆ ಇಲ್ಲದ ಕಡೆ ಹಕ್ಕಿಗೆ ಬೆನ್ನಿಗೊಂದು ಆಸರೆ ಸಿಗುವುದಿಲ್ಲ. ಅಗ್ಗದ ಜಿಂಕ್ ಲೇಪನದ ತಂತಿಯೂ ಬೇಡ, ಕೊಕ್ಕಿನಿಂದ ಕೆರೆದು ತಿಂದರೆ ವಿಷ.

ಪಂಜರದ ಜೊತೆ ಬರುವ ನುಣುಪಾದ, ಒಂದೇ ದಪ್ಪದ ಕೋಲನ್ನು ತೆಗೆದುಹಾಕಿ. ಔಷಧಿ ಹೊಡೆಯದ ಸೀಬೆ ಮರದ ಕೊಂಬೆಗಳನ್ನು ಬೇರೆ ಬೇರೆ ದಪ್ಪದಲ್ಲಿ ಕಡಿದು, ತೊಳೆದು, ಬಿಸಿಲಿಗೆ ಒಣಗಿಸಿ ಕಟ್ಟಿ. ಉಗುರು ಸವೆಯಲೆಂದು ಮಾರುವ ಮರಳುಕಾಗದ ಸುತ್ತಿದ ಕೋಲು ಪಾದ ಹುಣ್ಣಾಗಿಸುತ್ತದೆ. ಪಂಜರಕ್ಕೆ ತೂಗುಹಾಕುವ, ಹೇನು ಓಡಿಸುವ ಗುಳಿಗೆ ಡಬ್ಬಿಯನ್ನಂತೂ ಮನೆಯೊಳಗೇ ತರಬೇಡಿ. ಅದರ ಘಾಟು ಹಕ್ಕಿಯ ಶ್ವಾಸಕ್ಕೇ ಹೋಗುವುದು.

3. ಬೀಜದ ಚಟ ಬಿಡಿಸುವುದು

ಹೆಚ್ಚು ಜನ ಎಡವುವುದು ಇಲ್ಲಿ. ಸೂರ್ಯಕಾಂತಿ ಬೀಜದಲ್ಲಿ ಕೊಬ್ಬು ಜಾಸ್ತಿ, ಕ್ಯಾಲ್ಸಿಯಂ ಕಡಿಮೆ, ವಿಟಮಿನ್ ಎ ಇಲ್ಲವೆಂಬಷ್ಟು ಕಡಿಮೆ. ಬೇರೆ ಗಿಳಿಗಳಿಗಿಂತ ಗ್ರೇಗಳಲ್ಲಿ ರಕ್ತದ ಕ್ಯಾಲ್ಸಿಯಂ ಬೇಗ ಕುಸಿಯುತ್ತದೆ. ನಡುಕ, ಕೋಲಿನಿಂದ ಬೀಳುವುದು, ಫಿಟ್ಸ್ ಬರುವುದು ಅದರ ಲಕ್ಷಣ. ವಿಟಮಿನ್ ಎ ಸಾಲದಿದ್ದರೆ ಬಾಯಿ, ಮೂಗಿನೊಳಗಿನ ಪದರ ದಪ್ಪವಾಗಿ ಸೋಂಕು ಸುಲಭವಾಗಿ ಹತ್ತುತ್ತದೆ. "ಅದು ಬೇರೆ ಏನೂ ತಿನ್ನಲ್ಲ ಸಾರ್" ಎನ್ನುತ್ತಾರೆ. ತಿನ್ನುತ್ತದೆ. ಆದರೆ ನಿನ್ನೆಯವರೆಗೆ ಬೀಜ ಕೊಟ್ಟು ಇವತ್ತು ಪೆಲೆಟ್ (ಗಿಳಿಗೆಂದೇ ತಯಾರಿಸಿ ಮಾರುವ ಉಂಡೆ ಆಹಾರ) ಮಾತ್ರ ಇಟ್ಟರೆ ತಿನ್ನುವುದಿಲ್ಲ, ಏಕೆಂದರೆ ಅದು ಊಟ ಎಂದು ಹಕ್ಕಿಗೆ ಗೊತ್ತೇ ಇಲ್ಲ. ಹಸಿವಾದರೆ ತಾನಾಗಿ ತಿನ್ನುತ್ತದೆ ಎಂದು ಪಟ್ಟು ಹಿಡಿಯಬೇಡಿ. ತುಂಬಿದ ಬಟ್ಟಲಿನ ಪಕ್ಕದಲ್ಲೇ ಉಪವಾಸ ಬಿದ್ದು ಸಾಯುವ ಗಿಳಿಗಳಿವೆ.

ಮೊದಲು ವೈದ್ಯರಿಗೆ ತೋರಿಸಿ, ಹಕ್ಕಿ ಆರೋಗ್ಯವಾಗಿದೆ ಎಂದು ಖಚಿತ ಮಾಡಿಕೊಳ್ಳಿ. ಕಾಯಿಲೆಯ ಹಕ್ಕಿಗೆ ಊಟ ಬದಲಿಸಬಾರದು. ಆಮೇಲೆ ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಕೊಳ್ಳಿ. ಪ್ರತಿದಿನ ಬೆಳಿಗ್ಗೆ, ಮೊದಲ ಹಿಕ್ಕೆ ಹಾಕಿದ ಮೇಲೆ, ತಿನ್ನುವ ಮುಂಚೆ ತೂಕ ನೋಡಿ ಬರೆದಿಡಿ. ದೊಡ್ಡ ಜಾತಿಯಾದ ಕಾಂಗೋ ಗ್ರೇ ಸಾಮಾನ್ಯವಾಗಿ 400ರಿಂದ 500 ಗ್ರಾಂ ಇರುತ್ತದೆ. ಗಾಢ ಬಣ್ಣದ, ಕಂದುಗೆಂಪು ಬಾಲದ ಟಿಮ್ನೆ ಇನ್ನೂ ಹಗುರ. ಈ ಸರಾಸರಿಗಿಂತ ನಿಮ್ಮ ಹಕ್ಕಿಯ ಮೊದಲ ದಿನದ ತೂಕ ಮುಖ್ಯ. ಅದರಿಂದ ನೂರಕ್ಕೆ ಹತ್ತರಷ್ಟು ಇಳಿದರೆ ಬದಲಾವಣೆ ನಿಲ್ಲಿಸಿ, ಹಳೆಯ ಊಟ ಕೊಟ್ಟು, ವೈದ್ಯರಿಗೆ ಫೋನ್ ಮಾಡಿ. ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಗರಿಯ ಕೆಳಗೆ ಹಕ್ಕಿ ಸೊರಗುವುದು ಕಣ್ಣಿಗೆ ಕಾಣುವುದಿಲ್ಲ.

ಮುಂದಿನದು ಊಟದ ಹೊತ್ತು. ಕಾಡಿನಲ್ಲಿ ಇವು ಬೆಳಿಗ್ಗೆ ಮತ್ತು ಸಂಜೆ ಗುಂಪಾಗಿ ಹಾರಿ ಆಹಾರ ಹುಡುಕುತ್ತವೆ. ಮನೆಯಲ್ಲೂ ಬಟ್ಟಲನ್ನು ದಿನವಿಡೀ ತುಂಬಿಡದೆ ಎರಡು ಹೊತ್ತಿನ ಊಟ ಮಾಡಿ. ಬೆಳಗಿನ ಹಸಿವಿನ ಹೊತ್ತಿಗೆ ಹೊಸ ಆಹಾರ, ಒಂದೆರಡು ಗಂಟೆ ಕಳೆದ ಮೇಲೆ ಅಳತೆ ಮಾಡಿದ ಬೀಜ. ಒಂದು ವಾರ ಹೊಸದನ್ನು ಮುಟ್ಟದಿದ್ದರೂ ದಿನಾ ಇಡಿ. ಗ್ರೇ ಅನುಮಾನದ ಹಕ್ಕಿ. ಹೊಸ ಬಟ್ಟಲಿನ ಬಣ್ಣಕ್ಕೂ ಬೆದರುತ್ತದೆ. ಆದ್ದರಿಂದ ಬಟ್ಟಲು ಹಳೆಯದೇ ಇರಲಿ.

ಬೀಜದಿಂದ ನೇರವಾಗಿ ಪೆಲೆಟ್‌ಗೆ ಜಿಗಿಸುವುದಕ್ಕಿಂತ ನಡುವೆ ಮೊಳಕೆ ಕಾಳು ಕೊಡುವುದು ನನ್ನ ಪ್ರಕಾರ ಉತ್ತಮ ದಾರಿ. ಹೆಸರುಕಾಳು ನೆನೆಸಿ, ಬಾಲ ಮೂಡುತ್ತಿದ್ದಂತೆ ಕೊಡಿ. ಅದೇ ಸೂರ್ಯಕಾಂತಿ ಬೀಜವನ್ನೂ ಮೊಳಕೆ ಕಟ್ಟಿದರೆ ಹಕ್ಕಿ ಗುರುತು ಹಿಡಿದು ತಿನ್ನುತ್ತದೆ. ದಿನಕ್ಕೆ ಮೂರ್ನಾಲ್ಕು ಸಲ ತೊಳೆಯಬೇಕು. ಹುಳಿ ವಾಸನೆ ಬಂದರೆ, ಲೋಳೆ ಬಂದರೆ ಚೆಲ್ಲಿ. ಅವರೆ, ರಾಜ್ಮಾದಂಥ ದೊಡ್ಡ ಕಾಳುಗಳನ್ನು ಹಸಿಯಾಗಿ ಕೊಡಬೇಡಿ, ಚೆನ್ನಾಗಿ ಬೇಯಿಸಿಯೇ ಕೊಡಿ.

ಮೊಳಕೆ ಹಿಡಿಸಿದ ಮೇಲೆ ತರಕಾರಿ. ಕ್ಯಾರೆಟ್, ಸಿಹಿಗುಂಬಳ, ಕೆಂಪು ದಪ್ಪಮೆಣಸಿನಕಾಯಿ, ನುಗ್ಗೆಸೊಪ್ಪು. ಇವನ್ನು ಕೋಸಂಬರಿಗಿಂತಲೂ ಸಣ್ಣಗೆ ಹೆಚ್ಚಿ, ಬೀಜದ ಜೊತೆ ಕಲಸಿ. ಹೋಳು ದೊಡ್ಡದಿದ್ದರೆ ಹಕ್ಕಿ ಎತ್ತಿ ಬಿಸಾಡುತ್ತದೆ. ಪುಡಿಯಾಗಿದ್ದರೆ ಬೀಜಕ್ಕೆ ಅಂಟಿಕೊಂಡು ನಾಲಿಗೆಗೆ ರುಚಿ ಹತ್ತುತ್ತದೆ. ಹಸಿ ಮೆಣಸಿನಕಾಯಿ ಕೊಡಲು ಹೆದರಬೇಡಿ, ಅದರ ಖಾರ ಹಕ್ಕಿಗಳಿಗೆ ತಾಗುವುದಿಲ್ಲ. ಎಷ್ಟೋ ಗ್ರೇಗಳು ಮೊದಲು ಒಪ್ಪುವ ತರಕಾರಿಯೇ ಅದು. ಪಾಲಕ್‌ ಅನ್ನು ಮಾತ್ರ ದಿನಾ ಕೊಡಬೇಡಿ, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಮೈಗೆ ಹತ್ತಲು ಬಿಡುವುದಿಲ್ಲ. ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ, ಈರುಳ್ಳಿ, ಬೆಳ್ಳುಳ್ಳಿ, ಉಪ್ಪು ಹಾಕಿದ ಕುರುಕಲು ಒಂದು ಚೂರೂ ಬೇಡ. ಬೆಣ್ಣೆಹಣ್ಣು ಗಿಳಿಯ ಜೀವ ತೆಗೆಯುವಷ್ಟು ವಿಷ.

ಕೊನೆಗೆ ಪೆಲೆಟ್. ಪುಡಿ ಮಾಡಿ ಮೊಳಕೆಯ ಮೇಲೆ ಉದುರಿಸಿ, ಕೆಲವು ದಿನ ಬಿಟ್ಟು ತರಿ ಮಾಡಿ, ಆಮೇಲೆ ಇಡಿಯಾಗಿ. ಒಂದೆರಡು ಹನಿ ದಾಳಿಂಬೆ ರಸದಲ್ಲಿ ತೇವ ಮಾಡಿದರೆ ಬೇಗ ಒಪ್ಪುತ್ತದೆ. ತೇವ ಮಾಡಿದ್ದನ್ನು ಎರಡು ಗಂಟೆಯೊಳಗೆ ತೆಗೆಯಿರಿ. ಇನ್ನೊಂದು ಉಪಾಯವಿದೆ: ನೀವು ತಿಂಡಿಗೆ ಕೂತಾಗ ಪಕ್ಕದಲ್ಲಿ ಕೂರಿಸಿಕೊಂಡು, ಅದೇ ಕ್ಯಾರೆಟ್ಟನ್ನು ಅದರೆದುರೇ ಆಸೆಪಟ್ಟು ತಿನ್ನಿ. ಗುಂಪಿನ ಹಕ್ಕಿ ಇದು. ನೀವೇ ಅದರ ಗುಂಪು, ನೀವು ತಿನ್ನುವುದು ಅದಕ್ಕೂ ಬೇಕು. ಕೃತಕ ಬಣ್ಣ, ಸಕ್ಕರೆ ಬೆರೆಸಿದ ಪೆಲೆಟ್ ಕೊಳ್ಳಬೇಡಿ. ಕೆಂಪು ಪೆಲೆಟ್ ತಿಂದ ಹಕ್ಕಿಯ ಹಿಕ್ಕೆಯೂ ಕೆಂಪಾಗಿ, ರಕ್ತ ಬಂದರೂ ನಿಮಗೆ ಗೊತ್ತಾಗುವುದಿಲ್ಲ. ನೀರಿಗೆ ಹಾಕುವ ವಿಟಮಿನ್ ಹನಿಗಳಿಗೂ ದುಡ್ಡು ಸುರಿಯಬೇಡಿ. ನಮ್ಮ ಸೆಕೆಗೆ ಆ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ, ರುಚಿ ಕೆಟ್ಟರೆ ಹಕ್ಕಿ ನೀರು ಕುಡಿಯುವುದನ್ನೇ ಬಿಡುತ್ತದೆ.

ಈ ಹಂತದಲ್ಲಿ ಎರಡು ಕಡೆ ಕಣ್ಣಿಡಿ. ಒಂದು, ಬಟ್ಟಲು. ಬೀಜ ತಿಂದ ಮೇಲೆ ಖಾಲಿ ಸಿಪ್ಪೆ ಅಲ್ಲೇ ಉಳಿದು ಬಟ್ಟಲು ತುಂಬಿರುವಂತೆ ಕಾಣುತ್ತದೆ, ಊದಿ ನೋಡಿದರೆ ಮಾತ್ರ ನಿಜ ತಿಳಿಯುವುದು. ಇನ್ನೊಂದು, ತಳದ ಕಾಗದ. ಹಿಕ್ಕೆಯಲ್ಲಿ ಹಸಿರು ಅಥವಾ ಕಂದು ಭಾಗ, ಬಿಳಿ ಭಾಗ, ನೀರು ಮೂರೂ ಕಾಣಬೇಕು. ಹಿಕ್ಕೆ ಚಿಕ್ಕದಾಗಿ, ಕಪ್ಪು ಹಸಿರಾಗಿ, ಎಣಿಕೆಯೂ ಕಡಿಮೆಯಾದರೆ ಹಕ್ಕಿ ತಿನ್ನುತ್ತಿಲ್ಲ, ಆಟವಾಡುತ್ತಿದೆ ಅಷ್ಟೆ.

ಕೆಲವು ಹಕ್ಕಿಗಳಿಗೆ ಮೂರು ವಾರ, ಕೆಲವಕ್ಕೆ ಆರು ತಿಂಗಳು. ಕೊನೆಗೆ ಊಟದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಪೆಲೆಟ್, ಉಳಿದದ್ದರಲ್ಲಿ ಬಹುಪಾಲು ತರಕಾರಿ ಮತ್ತು ಮೊಳಕೆ, ಚೂರು ಹಣ್ಣು ಇರಬೇಕು. ಸೂರ್ಯಕಾಂತಿ ಬೀಜವನ್ನು ಪೂರ್ತಿ ಬಿಸಾಡಬೇಡಿ. ಕೈಮೇಲೆ ಬಂದು ಕೂತಾಗ, ತಾನಾಗಿ ಪಂಜರಕ್ಕೆ ಮರಳಿದಾಗ ಒಂದೊಂದು ಕೊಡಿ. ಸಿಪ್ಪೆ ಸಮೇತದ ಕಡಲೆಕಾಯಿ ಮಾತ್ರ ಬೇಡ, ಒಳಗೆ ಬೂಷ್ಟು ಇದ್ದರೆ ಹೊರಗೆ ಕಾಣುವುದಿಲ್ಲ.

4. ಬಿಸಿಲು

ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ ಬೇಕು, ಅದಕ್ಕೆ ನೇರ ಬಿಸಿಲು ಬೇಕು. ಕಿಟಕಿ ಗಾಜು ಬೇಕಾದ ಕಿರಣವನ್ನೇ ತಡೆಯುತ್ತದೆ, ಹಾಗಾಗಿ ಗಾಜಿನ ಹಿಂದೆ ಇಟ್ಟರೆ ಬಿಸಿ ಮಾತ್ರ ಸಿಗುತ್ತದೆ. ಬೆಳಗಿನ ಬಿಸಿಲಲ್ಲಿ ಬಾಲ್ಕನಿಗೆ ಪಂಜರ ತನ್ನಿ, ಅರ್ಧ ಭಾಗ ನೆರಳಿರಲಿ, ಯಾರಾದರೂ ಜೊತೆಗಿರಿ. ಹದ್ದು, ಬೆಕ್ಕು, ಕೋತಿ ಮೂರೂ ನಮ್ಮೂರುಗಳಲ್ಲಿವೆ.

5. ಕೊಕ್ಕಿಗೆ ಕೆಲಸ

ಐರೀನ್ ಪೆಪ್ಪರ್‌ಬರ್ಗ್ ಎಂಬ ವಿಜ್ಞಾನಿ 1977ರಿಂದ ಅಲೆಕ್ಸ್ ಎಂಬ ಗ್ರೇಗೆ ಪಾಠ ಹೇಳಿದರು. 2007ರಲ್ಲಿ ಸಾಯುವ ಹೊತ್ತಿಗೆ ಅದಕ್ಕೆ ನೂರಕ್ಕೂ ಹೆಚ್ಚು ಪದ ಗೊತ್ತಿತ್ತು, ಬಣ್ಣ ಮತ್ತು ಆಕಾರ ಹೆಸರಿಸುತ್ತಿತ್ತು, ಆರರವರೆಗೆ ಎಣಿಸುತ್ತಿತ್ತು. ಅಂಥ ಬುದ್ಧಿಯನ್ನು ಹತ್ತು ಗಂಟೆ ಸುಮ್ಮನೆ ಕೂರಿಸಿದರೆ ಅದು ತನ್ನ ಗರಿಯನ್ನೇ ಕೀಳುತ್ತದೆ. (ಗರಿ ಕೀಳುವುದು ಕಾಯಿಲೆಯಿಂದಲೂ ಆಗಬಹುದು, ಮೊದಲು ಪರೀಕ್ಷೆ ಮಾಡಿಸಿ.)

ಊಟ ಬದಲಿಸಿದ್ದರ ಇನ್ನೊಂದು ಲಾಭ ಇಲ್ಲಿ ಸಿಗುತ್ತದೆ. ಪೆಲೆಟ್ಟನ್ನು ಬಟ್ಟಲಲ್ಲಿ ಇಡುವ ಬದಲು ಮುಸುಕಿನ ಜೋಳದ ಸಿಪ್ಪೆಯಲ್ಲಿ ಸುತ್ತಿ, ತೆಂಗಿನ ಚಿಪ್ಪಿನಲ್ಲಿ ಕಾಗದ ತುರುಕಿ ಅಡಗಿಸಿ ಕೊಡಿ. ಮಲೆನಾಡಿನಲ್ಲಿ ನೆಂಟರಿದ್ದರೆ ಅಡಿಕೆ ಹಾಳೆ ತರಿಸಿ. ಸೀಳಿ ಪುಡಿ ಮಾಡಲು ಅದಕ್ಕಿಂತ ಒಳ್ಳೆಯ ಆಟಿಕೆ ಅಂಗಡಿಯಲ್ಲಿ ಸಿಗುವುದಿಲ್ಲ. ದಿನಕ್ಕೆ ಮೂರ್ನಾಲ್ಕು ಗಂಟೆ ಪಂಜರದ ಹೊರಗೆ ಬಿಡಿ. ಮುದ್ದು ಮಾಡುವಾಗ ತಲೆ, ಕುತ್ತಿಗೆ ಮಾತ್ರ ಸವರಿ. ಬೆನ್ನು ಸವರಿದರೆ ಹಕ್ಕಿ ನಿಮ್ಮನ್ನು ಜೋಡಿ ಎಂದುಕೊಂಡು, ಮನೆಯ ಬೇರೆಯವರನ್ನು ಕಚ್ಚಲು ಶುರು ಮಾಡಬಹುದು.

ವಾರಕ್ಕೆ ಮೂರ್ನಾಲ್ಕು ಸಲ ನೀರು ಸಿಂಪಡಿಸಿ ಸ್ನಾನ. ರಾತ್ರಿ ಹತ್ತರಿಂದ ಹನ್ನೆರಡು ಗಂಟೆ ಕತ್ತಲು, ನಿಶ್ಶಬ್ದ. ಹಾಲ್‌ನಲ್ಲಿ ಹತ್ತು ಗಂಟೆಯ ಧಾರಾವಾಹಿ ಓಡುತ್ತಿದ್ದರೆ ಮಲಗಲು ಬೇರೆ ಕೋಣೆ ಕೊಡಿ.

6. ಮನೆಯೊಳಗಿನ ಅಪಾಯ

ನಾನ್‌ಸ್ಟಿಕ್ ತವಾ ಅತಿಯಾಗಿ ಕಾದರೆ ಹೊರಡುವ ಅನಿಲ ನಮಗೆ ತಿಳಿಯುವ ಮುಂಚೆಯೇ ಹಕ್ಕಿಯನ್ನು ಕೊಲ್ಲುತ್ತದೆ. ಗಿಳಿ ಇರುವ ಮನೆಯಲ್ಲಿ ಕಬ್ಬಿಣದ ಕಾವಲಿಯೇ ಇರಲಿ. ಊದುಬತ್ತಿ, ಧೂಪ, ಸೊಳ್ಳೆ ಬತ್ತಿ ಹಕ್ಕಿಯ ಕೋಣೆಯಲ್ಲಿ ಬೇಡ. ಹೊರಗೆ ಬಿಡುವ ಮುಂಚೆ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ. 2022ರಲ್ಲಿ ತುಮಕೂರಿನ ಕುಟುಂಬವೊಂದು ಹಾರಿಹೋದ ಗ್ರೇಗಾಗಿ ಊರೆಲ್ಲ ಪೋಸ್ಟರ್ ಅಂಟಿಸಿ, ಹುಡುಕಿಕೊಟ್ಟವರಿಗೆ 50,000 ರೂಪಾಯಿ ಎಂದು ಸಾರಿ, ಕೊನೆಗೆ 85,000 ಕೊಟ್ಟಿತು. ಎಲ್ಲರಿಗೂ ಹಕ್ಕಿ ಮರಳಿ ಸಿಗುವುದಿಲ್ಲ. ಹಾಗೆಂದು ರೆಕ್ಕೆ ಕತ್ತರಿಸಲು ನಾನು ಹೇಳುವುದಿಲ್ಲ. ಗ್ರೇ ಭಾರದ ಹಕ್ಕಿ, ಹೆಚ್ಚು ಕತ್ತರಿಸಿದರೆ ಕಲ್ಲಿನಂತೆ ಬಿದ್ದು ಎದೆಮೂಳೆ ಒಡೆದುಕೊಳ್ಳುತ್ತದೆ. ಕಿಟಕಿಗೆ ಲೋಹದ ಜಾಲರಿ ಹಾಕಿಸಿ.

7. ವೈದ್ಯರ ಬಳಿ

ಹಕ್ಕಿ ನೋಡುವ ವೈದ್ಯರು ಎಲ್ಲ ಊರಲ್ಲೂ ಸಿಗುವುದಿಲ್ಲ. ಕಾಯಿಲೆ ಬರುವ ಮುಂಚೆಯೇ ಹುಡುಕಿ ನಂಬರ್ ಇಟ್ಟುಕೊಳ್ಳಿ, ವರ್ಷಕ್ಕೊಮ್ಮೆ ತೋರಿಸಿ. ಗಿಳಿ ಕೊನೆಯವರೆಗೂ ಕಾಯಿಲೆ ಮರೆಮಾಚುತ್ತದೆ. ಗರಿ ಉಬ್ಬಿಸಿಕೊಂಡು ಹಗಲಲ್ಲೇ ತೂಕಡಿಸಿದರೆ, ಉಸಿರಿಗೊಮ್ಮೆ ಬಾಲ ಏರಿಳಿದರೆ, ಪಂಜರದ ತಳದಲ್ಲಿ ಕೂತರೆ ನಾಳೆ ನೋಡೋಣ ಎನ್ನಬೇಡಿ. ಚಿಕ್ಕ ಪೆಟ್ಟಿಗೆಯಲ್ಲಿ ಬೆಚ್ಚಗೆ, ಗಾಳಿಯಾಡುವಂತೆ ಬಟ್ಟೆ ಮುಚ್ಚಿ ಕರೆದೊಯ್ಯಿರಿ. ತೂಕ ಬರೆದ ಪುಸ್ತಕವನ್ನೂ ಆ ದಿನದ ಹಿಕ್ಕೆ ಬಿದ್ದ ಕಾಗದವನ್ನೂ ಜೊತೆಗಿಟ್ಟುಕೊಳ್ಳಿ, ವೈದ್ಯರಿಗೆ ಮೊದಲು ಬೇಕಾಗುವುದು ಅವೆರಡೇ.